ಅಮ್ಮಿಗೆ ಕೊಟ್ಟ ಉತ್ತರ

ನಮ್ಮ ಮನೆಯ ಮಸಾಲೆ ಡಬ್ಬಿಯ ಹಿಂದೆ ಇನ್ನೊಂದು ಪುಟ್ಟ ಡಬ್ಬಿ ಇದೆ. ಅದರಲ್ಲಿ ಒಂದು ಗ್ರಾಂ ಜಾಫ್ರಾನ್, ಅಂದರೆ ಕೇಸರಿ. ಈದ್ ದಿನ ಶೀರ್ ಖುರ್ಮಾಕ್ಕೆ ನಾಲ್ಕೈದು ಎಳೆ ಹಾಕಿ ಅಮ್ಮಿ ಮತ್ತೆ ಮುಚ್ಚಿಡುತ್ತಾರೆ. ಇಷ್ಟು ದುಬಾರಿ ಯಾಕೆ ಎಂದು ಕೇಳಿದೆ. "ಕಾಮರ್ಸ್ ಓದುವವನು ನೀನು, ನೀನೇ ಹೇಳು ಬೇಟಾ" ಎಂದರು.

"ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ" ಎಂದು ಹೇಳಿ ತಪ್ಪಿಸಿಕೊಂಡೆ. ಪೂರೈಕೆ ಏಕೆ ಕಡಿಮೆ ಎಂಬುದು ಆಮೇಲೆ ಓದಿದಾಗ ತಿಳಿಯಿತು.

ನಮ್ಮ ದೇಶದ ಕೇಸರಿಗೆ ಹೆಸರಾದ ಊರು ಕಾಶ್ಮೀರದ ಪಾಂಪೋರ್. ಅಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಹೂ ಬಿಡುತ್ತದೆ. ಒಂದು ಹೂವಿನಲ್ಲಿ ಮೂರೇ ಎಳೆ. ಒಂದು ಕೆ.ಜಿ. ಒಣ ಕೇಸರಿಗೆ ಸುಮಾರು 1.5 ಲಕ್ಷ ಹೂ ಬೇಕು. ಈ ಗಿಡ ಬೀಜ ಕಟ್ಟುವುದಿಲ್ಲ. ನೆಲದೊಳಗಿನ ಗಡ್ಡೆಯೇ ಮರಿಗಡ್ಡೆ ಕೊಟ್ಟು ಮುಂದಿನ ಬೆಳೆಯಾಗುತ್ತದೆ.

ಆ ಗಡ್ಡೆಗೆ ಕೊಳೆ ರೋಗ ಬರುತ್ತದೆ. ಮುಖ್ಯ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅಗೆಯುವಾಗ ಆದ ಗಾಯದಿಂದ ಅದು ಒಳಹೊಗುತ್ತದೆ; ನೀರು ನಿಂತರೆ ಇನ್ನೂ ಹೆಚ್ಚುತ್ತದೆ. ಎಲೆ ಹಳದಿಯಾಗಿ ಒಣಗುವ ಹೊತ್ತಿಗೆ ಕೆಳಗೆ ಗಡ್ಡೆ ಕೊಳೆತಿರುತ್ತದೆ. ಶಿಲೀಂಧ್ರ ಮಣ್ಣಿನಲ್ಲೂ ಉಳಿಯುತ್ತದೆ, ಮರಿಗಡ್ಡೆಯ ಜೊತೆ ಬೇರೆ ಹೊಲಕ್ಕೂ ಹೋಗುತ್ತದೆ. ನಮ್ಮ ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ರೈತನಿಗೆ ಹೋಗುವುದು ಒಂದು ವರ್ಷದ ಲಾಭ ಮಾತ್ರವಲ್ಲ, ಬಂಡವಾಳವೇ.

ಬಂಡವಾಳ ಕೊಳೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಳೆದ ಮಳೆಗಾಲದಲ್ಲಿ ಅಬ್ಬಾ ಅಂಗಡಿಯ ಈರುಳ್ಳಿ ಚೀಲ ಬಿಚ್ಚಿ ಕೊಳೆತದ್ದನ್ನು ಆರಿಸು ಎಂದಿದ್ದರು. ನಾಳೆ ಮಾಡಿದರಾಯಿತು ಎಂದು ಮೊಬೈಲ್ ಹಿಡಿದು ಕುಳಿತೆ. ನಾಲ್ಕು ದಿನ ಬಿಟ್ಟು ಬಿಚ್ಚಿದಾಗ ಅರ್ಧ ಚೀಲ ಹೋಗಿತ್ತು. ಅಬ್ಬಾ ಬೈಯಲಿಲ್ಲ. ಕೊಳೆತದ್ದನ್ನು ತಿಪ್ಪೆಗೆ ಸುರಿದು, ಆ ವಾರ ಸಾಲದಲ್ಲಿ ಇನ್ನೊಂದು ಚೀಲ ತಂದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ಕೇಸರಿ ರೈತರಿಗೆ ತಜ್ಞರು ಹೇಳುವ ಮೊದಲ ಕೆಲಸವೂ ಆರಿಸುವುದೇ. ನಾಟಿಗೆ ಮುಂಚೆ ಗಾಯವಾದ, ಕಲೆ ಬಿದ್ದ ಗಡ್ಡೆಗಳನ್ನು ತೆಗೆಯಬೇಕು. ಉಳಿದವನ್ನು ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ, ನೀರು ನಿಲ್ಲದ ಏರುಮಡಿಯಲ್ಲಿ ನೆಡಬೇಕು. ಔಷಧಿ ಎಷ್ಟಿದ್ದರೂ ಒಂದೊಂದು ಗಡ್ಡೆಯನ್ನೂ ಕೈಯಲ್ಲಿ ಹಿಡಿದು ನೋಡುವವರು ಬೇಕೇ ಬೇಕು.

ಇದನ್ನೆಲ್ಲ ಅಮ್ಮಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸರಿ, ಇವತ್ತು ಈರುಳ್ಳಿ ಚೀಲ ನೋಡಿದೆಯಾ?" ಎಂದರು.

ನೋಡಿದ್ದೆ. ಐದು ಕೊಳೆತಿದ್ದವು, ತೆಗೆದಿದ್ದೆ.