ಎರಡು ಹೆಸರಿನ ಊರಿನಲ್ಲಿ ಎರಡು ದಿನ

2023ರ ಬೇಸಿಗೆ ರಜೆಯಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿದ್ದೆ. ಪ್ರಾಥಮಿಕ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಕಲಿತ ಗೆಳೆಯ ಅಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಬೆಳಿಗ್ಗೆ ಸರೋವರ ನೋಡಲು ಹೊರಟರೆ ಜಡಿಮಳೆ! ರೈಲು ನಿಲ್ದಾಣದ ಫಲಕದಲ್ಲಿ ಇಟಲಿ ಕಡೆಯ ಗಾಡಿಯೊಂದು ಕಂಡಿತು. "ಬೆಟ್ಟದ ಆಚೆ ಬಿಸಿಲಿರಬಹುದು, ಹೋಗುವನಾ ಮಾರಾಯ?" ಎಂದ. "ಹೋಗುವ" ಎಂದೆ. ಕೈಯಲ್ಲಿದ್ದದ್ದು ಒಂದು ಕೊಡೆ, ಒಂದು ಚೀಲ.

ಆಸ್ಟ್ರಿಯಾ ದಾಟಿ, ಆಲ್ಪ್ಸ್ ಪರ್ವತದ ಬ್ರೆನ್ನರ್ ಕಣಿವೆಯಲ್ಲಿ ಇಟಲಿಗೆ ಇಳಿದೆವು. ಸುಮಾರು ನಾಲ್ಕು ಗಂಟೆಯ ದಾರಿ. ಎರಡೂ ಬದಿ ಸೇಬಿನ ತೋಟ, ದ್ರಾಕ್ಷಿ ಚಪ್ಪರ. ಇಳಿದ ಊರಿಗೆ ಎರಡು ಹೆಸರು: ಇಟಾಲಿಯನ್ನಿನಲ್ಲಿ ಬೋಲ್ಜಾನೋ, ಜರ್ಮನ್ನಿನಲ್ಲಿ ಬೋಝೆನ್. ಎರಡನ್ನೂ ಒಂದೇ ಫಲಕದಲ್ಲಿ ಬರೆದಿದ್ದಾರೆ. ಬೀದಿಗಳ ಹೆಸರೂ ಹಾಗೆಯೇ. ಮಂಜೇಶ್ವರವೋ ಮಂಜೇಶ್ವರಂ ಎಂದೋ ಎಂಬ ಜಗಳ ಕೇಳುತ್ತಾ ಬೆಳೆದ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಊರ ನಡುವಿನ ಚೌಕದಲ್ಲಿ ಮಧ್ಯಯುಗದ ಜರ್ಮನ್ ಕವಿ ವಾಲ್ಟರ್ ಫೋನ್ ಡೆರ್ ಫೋಗೆಲ್‌ವೈಡೆಯ ಪ್ರತಿಮೆಯಿದೆ. 1889ರಲ್ಲಿ ನಿಲ್ಲಿಸಿದ್ದು. ಮುಸೊಲಿನಿಯ ಆಡಳಿತ 1935ರಲ್ಲಿ ಅದನ್ನು ಒಂದು ಪಾರ್ಕಿಗೆ ಸಾಗಹಾಕಿತು. ಕವಿ ತನ್ನ ಚೌಕಕ್ಕೆ ಮರಳಿದ್ದು 1981ರಲ್ಲಿ!

ಮರುದಿನ ಆ ಆಡಳಿತವೇ 1928ರಲ್ಲಿ ಕಟ್ಟಿಸಿದ ವಿಜಯ ಸ್ಮಾರಕಕ್ಕೆ ಹೋದೆವು. ಇತರರಿಗೆ ಭಾಷೆ, ಕಾನೂನು, ಕಲೆ ಕಲಿಸಿದವರು ನಾವು ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ಈಗ ಅದರ ನೆಲಮಾಳಿಗೆಯಲ್ಲಿ, ಆ ಕಾಲದಲ್ಲಿ ಏನೇನಾಯಿತು ಎಂದು ತೋರಿಸುವ ಪ್ರದರ್ಶನ ಇದೆ. 2014ರಿಂದ ತೆರೆದಿದ್ದಾರೆ.

ಕಥೆ ಇಷ್ಟು. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದಂತೆ ಈ ಜರ್ಮನ್ ನಾಡು ಇಟಲಿಗೆ ಸೇರಿತು. 1923ರಲ್ಲಿ ಬಂದ ಕಾನೂನು ಶಾಲೆಗಳಿಂದ ಜರ್ಮನ್ನನ್ನು ಹೊರಹಾಕಿತು. ಆಗ ಅಡುಗೆಕೋಣೆ, ಹಟ್ಟಿ, ಅಟ್ಟಗಳಲ್ಲಿ ಗುಟ್ಟಾಗಿ ಪಾಠ ಶುರುವಾಯಿತು. ಹೆಚ್ಚಿನ ಕಡೆ ಕಲಿಸಿದವರು ಎಳೆಯ ಹೆಣ್ಣುಮಕ್ಕಳು. ಅವರಲ್ಲೊಬ್ಬಳು ಆಂಜೆಲಾ ನಿಕೊಲೆಟ್ಟಿ. ಮಕ್ಕಳಿಗೆ ಅವರ ಭಾಷೆ ಕಲಿಸಿದ್ದಕ್ಕೆ ಜೈಲು ಕಂಡಳು, ಊರು ಬಿಡಬೇಕಾಯಿತು. 1930ರಲ್ಲಿ ತೀರಿಕೊಂಡಾಗ ಅವಳಿಗೆ ಬರೀ 25 ವರ್ಷ. ಚಾಕ್‌ಪೀಸ್ ಹಿಡಿದು ಜೀವನ ಮಾಡುವ ನನಗೆ ಮಾತೇ ಹೊರಡಲಿಲ್ಲ.

ಇಂದು ಅಲ್ಲಿನ ಸ್ವಾಯತ್ತತೆಯ ಕಾನೂನಿನಲ್ಲಿ ಒಂದು ಮಾತಿದೆ. ಸಹೋದ್ಯೋಗಿಗಳೇ, ಇದನ್ನು ಎರಡು ಸಲ ಓದಿ: ಪಾಠ ಮಗುವಿನ ಮಾತೃಭಾಷೆಯಲ್ಲಿ ನಡೆಯಬೇಕು, ಕಲಿಸುವವರಿಗೂ ಅದೇ ಮಾತೃಭಾಷೆಯಾಗಿರಬೇಕು. ಜರ್ಮನ್ ಶಾಲೆಯ ಮಕ್ಕಳು ಇಟಾಲಿಯನ್ನನ್ನೂ ಕಲಿಯುತ್ತಾರೆ, ಇಟಾಲಿಯನ್ ಶಾಲೆಯವರು ಜರ್ಮನ್ನನ್ನೂ ಕಲಿಯುತ್ತಾರೆ.

ನಮ್ಮಲ್ಲಿ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ ಆಯೋಗದ ವರದಿ 1967ರಿಂದಲೂ ಕಡತದಲ್ಲಿದೆ. ಗಡಿಯ ಮಾತು ಹಾಗಿರಲಿ. ಕನ್ನಡವೇ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದು ನಿಂತಾಗ, ಗಣಿತದ ಪ್ರಶ್ನೆ ಕೇಳಲು ಎದ್ದ ಮಗು ಸುಮ್ಮನೆ ಕೂತುಬಿಡುತ್ತದೆ. ಆ ಅಧ್ಯಾಪಕರದ್ದೂ ತಪ್ಪಲ್ಲ, ಪಾಪ. ಕಳುಹಿಸಿದ ಕಡೆಗೆ ಬಂದಿದ್ದಾರೆ ಅಷ್ಟೆ. ನಷ್ಟ ಮಾತ್ರ ಮಗುವಿಗೆ.

ಹಾಗೆಂದು ಬೋಲ್ಜಾನೋದಲ್ಲಿ ಎಲ್ಲವೂ ಸರಿಯೇನಲ್ಲ. ಶಾಲೆಗಳೇ ಬೇರೆಯಾದ್ದರಿಂದ ಎರಡು ಭಾಷೆಯ ಮಕ್ಕಳು ಜೊತೆಯಾಗಿ ಬೆಳೆಯುವುದಿಲ್ಲ ಎಂಬ ಕೊರಗು ಅಲ್ಲಿದೆ. ಇದನ್ನು ಕೇಳಿದಾಗ ನನಗೆ ನಮ್ಮ ಶಾಲೆಯ ಅಂಗಳ ಹೆಮ್ಮೆಯಿಂದ ನೆನಪಾಯಿತು. ಕನ್ನಡ, ಮಲಯಾಳ ಎರಡೂ ಡಿವಿಷನ್ ಒಂದೇ ಕಟ್ಟಡದಲ್ಲಿ, ಬಿಸಿಯೂಟ ಒಂದೇ ಸಾಲಿನಲ್ಲಿ. ಆಟಕ್ಕಿಳಿದರೆ ತುಳುವೂ ಸೇರಿ ಮೂರು ಭಾಷೆ!

ಕೂಡಿ ಬಾಳುವುದು ನಮ್ಮ ಮಕ್ಕಳಿಗೆ ಆಗಲೇ ಗೊತ್ತು. ಅವರ ಭಾಷೆ ಬಲ್ಲ ಒಬ್ಬ ಟೀಚರನ್ನು ಕೊಡುವುದಷ್ಟೇ ದೊಡ್ಡವರ ಕೆಲಸ.