ಬುಸ್ ಎನ್ನುವ ಯಂತ್ರದ ಬಗ್ಗೆ ಕೆಲವು ಟಿಪ್ಪಣಿ

ದೊಡ್ಡಪ್ಪನ ಮಂಚದ ಪಕ್ಕದ ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ ಸಿಲಿಂಡರ್ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದರಲ್ಲಿ ನೂರಕ್ಕೆ 78 ಪಾಲು ಸಾರಜನಕ. ಅಷ್ಟೂ ಎಲ್ಲಿ ಹೋಗುತ್ತದೆ?

ಒಳಗೆ ಎರಡು ಕೊಳವೆ, ತುಂಬ ಜಿಯೋಲೈಟ್ ಮಣಿ. ಮೈಯೆಲ್ಲ ತೂತಿರುವ ಹರಳು. ಜರಡಿಯ ಹಾಗೆ ಸೋಸುತ್ತದೆ ಅನ್ನೋಣವೆಂದರೆ ಲೆಕ್ಕ ಕೂಡುವುದಿಲ್ಲ. 13ಎಕ್ಸ್ ಎಂಬ ಬಗೆಯಲ್ಲಿ ತೂತಿನ ಬಾಯಿ ಸುಮಾರು 0.74 ನ್ಯಾನೊಮೀಟರ್. ಸಾರಜನಕದ ಅಣು 0.36, ಆಮ್ಲಜನಕದ್ದು 0.35. ಎರಡೂ ಸಲೀಸಾಗಿ ನುಗ್ಗುತ್ತವೆ. ಆದರೂ ಹೆಚ್ಚಾಗಿ ಅಲ್ಲೇ ಉಳಿಯುವುದು ಸಾರಜನಕ.

ಹಿಡಿಯುವುದು ಹರಳಿನೊಳಗಿನ ಸೋಡಿಯಂ ಅಯಾನುಗಳು. ಸಾರಜನಕದ ಅಣುವಿಗೆ ಒಟ್ಟಾರೆ ವಿದ್ಯುದಂಶವಿಲ್ಲ. ಆದರೆ ಎರಡು ತುದಿಯಲ್ಲಿ ತುಸು ಋಣ, ನಡುವೆ ತುಸು ಧನ. ಆ ತುಸುವೇ ಸಾಕು. ಆಮ್ಲಜನಕದಲ್ಲಿ ಈ ಏರುಪೇರು ಇನ್ನೂ ಕಡಿಮೆ. ಅದು ಮುಂದೆ ಸಾಗುತ್ತದೆ.

ಎಷ್ಟು ಬಲದ ಹಿಡಿತ? ಸಾರಜನಕದ ಎರಡು ಪರಮಾಣುಗಳನ್ನು ಬೇರ್ಪಡಿಸಲು ಮೋಲ್‌ಗೆ 945 ಕಿಲೊಜೂಲ್ ಬೇಕು. ಜಿಯೋಲೈಟ್‌ನಿಂದ ಬಿಡಿಸಲು ಇಪ್ಪತ್ತರ ಆಸುಪಾಸು. ಇಷ್ಟು ಬಡಕಲು ಸೆಳೆತವನ್ನು ನಂಬಿ ಒಬ್ಬರ ಉಸಿರು!

ಆದರೆ ಬಡಕಲಾಗಿರುವುದೇ ಅನುಕೂಲ. ಒತ್ತಡ ಇಳಿಸಿದರೆ ಸಾಕು, ಸಾರಜನಕ ಬಿಟ್ಟುಕೊಳ್ಳುತ್ತದೆ. ಆ ‘ಬುಸ್’ ಅದೇ. ಒಂದು ಕೊಳವೆ ಹಿಡಿಯುವಾಗ ಇನ್ನೊಂದು ಕಕ್ಕುತ್ತದೆ, ಕೆಲವು ಸೆಕೆಂಡಿಗೊಮ್ಮೆ ಅದಲುಬದಲು. ಚಾರ್ಲ್ಸ್ ಸ್ಕಾರ್ಸ್ಟ್ರಮ್ ಎಂಬ ಅಮೆರಿಕದವನಿಗೆ 1960ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಬೆಂಕಿಯಿಲ್ಲ, ಆಮ್ಲವಿಲ್ಲ.

ನೀರಾವಿಯ ಕಥೆ ಬೇರೆ. ನೀರಿನ ಅಣುವಿನಲ್ಲಿ ಧನ-ಋಣದ ಅಂತರ ಜೋರು. ಒಮ್ಮೆ ಅಂಟಿದರೆ ಒತ್ತಡ ಇಳಿಸಿದ ಮಾತ್ರಕ್ಕೆ ಸರಿಯಾಗಿ ಬಿಡದು, ಚೆನ್ನಾಗಿ ಕಾಯಿಸಿ ಒಣಗಿಸಬೇಕು. ನಮ್ಮ ಮಳೆಗಾಲದ ತೇವದ ಗಾಳಿ ಈ ಮಣಿಗಳಿಗೆ ಶತ್ರು.

ಸೋಡಿಯಂ ತೆಗೆದು ಲಿಥಿಯಂ ಸೇರಿಸಿದರೆ ಸಾರಜನಕದ ಹಿಡಿತ ಬಿಗಿಯಾಗುತ್ತದೆ. ಅಯಾನು ಚಿಕ್ಕದು, ವಿದ್ಯುದಂಶ ಒತ್ತಾಗಿದೆ. ಹೆಗಲಿಗೆ ಹಾಕಿಕೊಳ್ಳುವ ಪುಟ್ಟ ಯಂತ್ರಗಳಿಗೆ ಈ ಬಗೆ.

ಯಂತ್ರದ ಪರದೆಯ ಮೇಲೆ ಆಮ್ಲಜನಕ ನೂರಕ್ಕೆ 93, 94, 95. ಎಂದೂ 100 ಇಲ್ಲ. ತಕರಾರು ಆರ್ಗಾನ್‌ದು. ಗಾಳಿಯಲ್ಲಿ ಅದು ನೂರಕ್ಕೆ 0.93 ಮಾತ್ರ, ಆದರೆ ಜಿಯೋಲೈಟ್‌ಗೆ ಅದೂ ಆಮ್ಲಜನಕವೂ ಹೆಚ್ಚುಕಡಿಮೆ ಒಂದೇ. ಸಾರಜನಕವನ್ನು ಪೂರ್ತಿ ತೆಗೆದರೂ ಉಳಿದದ್ದರಲ್ಲಿ ಆರ್ಗಾನ್ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಬೆಳ್ಳಿಯ ಅಯಾನು ಸೇರಿಸಿದ ಕೆಲವು ಜಿಯೋಲೈಟ್‌ಗಳು ಆರ್ಗಾನನ್ನು ಆಮ್ಲಜನಕಕ್ಕಿಂತ ತುಸು ಹೆಚ್ಚು ಹಿಡಿಯುತ್ತವೆ. ತುದಿ-ನಡು ಎಂಬ ಭೇದವೇ ಇಲ್ಲದ ಒಂಟಿ ಪರಮಾಣು ಅದು. ಬೆಳ್ಳಿಗೆ ಅದರಲ್ಲಿ ಏನು ಕಂಡಿತು?