ಮುಂಗಡ ಊಟದ ಲೆಕ್ಕ

ಮಠದ ಪ್ರಸಾದನಿಲಯದಲ್ಲಿ ಬೆಳೆದವರಿಗೆ ಅನ್ನದ ಬೆಲೆ ಗೊತ್ತಿರುತ್ತದೆ. ಅನ್ನದ ದರ ಗೊತ್ತಿರುವುದಿಲ್ಲ. ಬಾಲ್ಯದಿಂದ ಶಾಸ್ತ್ರಾಧ್ಯಯನ ಮುಗಿಯುವವರೆಗೆ ನಾವು ಪಂಕ್ತಿಯಲ್ಲಿ ಕುಳಿತು ಉಂಡವರು. ಎಷ್ಟು ಸಲ ನೀಡಿಸಿಕೊಂಡರೂ ಅಲ್ಲಿ ಎಣಿಸುವವರಿರಲಿಲ್ಲ. ತಟ್ಟೆಯಲ್ಲಿ ಒಂದಗುಳು ಬಿಟ್ಟರೆ ಮಾತ್ರ ಕೇಳುವವರಿದ್ದರು. ಇಂತಹ ನಮಗೆ, ಊಟಗಳನ್ನು ಎಣಿಸಿ ಮೊದಲೇ ಹಣ ತೆತ್ತು ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಪ್ರಸಂಗ 2024ರ ಬೇಸಿಗೆಯಲ್ಲಿ ಒದಗಿತು. ಮಕ್ಕಳು ಪರದೇಶದಲ್ಲಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಮಗ ಅಮೆರಿಕದ ಅಟ್ಲಾಂಟಾ ನಗರದಲ್ಲಿ ನೌಕರಿಯಲ್ಲಿದ್ದಾನೆ. ನಾವೂ ನಮ್ಮ ಧರ್ಮಪತ್ನಿಯೂ ಅಲ್ಲಿಗೆ ಹೋದಾಗ, ಮೊಮ್ಮಕ್ಕಳ ಬಹುದಿನದ ಆಸೆಯಂತೆ ಫ್ಲೋರಿಡಾ ರಾಜ್ಯದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ನಾಲ್ಕು ರಾತ್ರಿಗಳ ಪ್ರವಾಸ ನಿಶ್ಚಯವಾಯಿತು. 1971ರಲ್ಲಿ ತೆರೆದ ಆ ವಿನೋದನಗರಿಯಲ್ಲಿ ನಾಲ್ಕು ದೊಡ್ಡ ಉದ್ಯಾನಗಳೂ ಅದರದೇ ಹೋಟೆಲುಗಳೂ ಇವೆ. ಆ ಹೋಟೆಲುಗಳಲ್ಲಿ ಇಳಿದುಕೊಳ್ಳುವವರಿಗೆ ಡೈನಿಂಗ್ ಪ್ಲಾನ್ ಎಂಬ ಮುಂಗಡ ಊಟದ ವ್ಯವಸ್ಥೆಯುಂಟು. 2020ರಲ್ಲಿ ಕೋವಿಡ್ ಕಾರಣದಿಂದ ನಿಂತಿದ್ದ ಅದು 2024ರ ಜನವರಿಯಲ್ಲಿ ಪುನಃ ಆರಂಭವಾಗಿತ್ತು.

ಅದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ತಂಗುವ ಒಂದೊಂದು ರಾತ್ರಿಯ ಲೆಕ್ಕಕ್ಕೆ ತಲೆಗೆ ಎರಡು ಕೌಂಟರ್ ಊಟ, ಒಂದು ತಿಂಡಿ. ಎರಡನೆಯದರಲ್ಲಿ ಒಂದು ಕೌಂಟರ್ ಊಟ, ಮೇಜಿನ ಬಳಿ ತಂದು ಬಡಿಸುವ ಒಂದು ಊಟ, ಒಂದು ತಿಂಡಿ. ಎರಡರಲ್ಲೂ ಹೋಟೆಲಿನಲ್ಲಿ ಮತ್ತೆಮತ್ತೆ ಪಾನೀಯ ತುಂಬಿಸಿಕೊಳ್ಳಲು ಒಂದು ಮಗ್ಗು ಕೊಡುತ್ತಾರೆ. ಕೊಂಡರೆ 3 ವರ್ಷ ತುಂಬಿದ ಎಲ್ಲರಿಗೂ, ತಂಗುವ ಎಲ್ಲ ರಾತ್ರಿಗಳಿಗೂ ಕೊಳ್ಳಬೇಕು. 10 ವರ್ಷ ತುಂಬಿದವರು ದೊಡ್ಡವರ ಲೆಕ್ಕ. ಬಡಿಸುವವರ ಭಕ್ಷೀಸು ಬೇರೆ. ಹೋಟೆಲು ಬಿಡುವ ದಿನದ ನಡುರಾತ್ರಿಗೆ ಉಳಿದ ಊಟಗಳೆಲ್ಲ ರದ್ದು.

ಮಗನಿಗೆ ಕೊಳ್ಳಬೇಕೆಂಬ ಮನಸ್ಸು. ಹಿಂದಿನ ವರ್ಷ ಐದು ತಿಂಗಳು ನೌಕರಿಯಿಲ್ಲದೆ ಕಳೆದವನು. ಹಣದ ಬೆಲೆ ಅರಿಯದವನಲ್ಲ. ಅವನ ಕಾರಣ ಬೇರೆಯೇ ಇತ್ತು. “ಅಪ್ಪಾಜಿ, ಅವ್ವ ದರದ ಫಲಕ ನೋಡಿ ಡಾಲರನ್ನು ರೂಪಾಯಿಗೆ ತಿರುಗಿಸುತ್ತಾಳೆ, ಆಮೇಲೆ ಹಸಿವಿಲ್ಲ ಎನ್ನುತ್ತಾಳೆ. ಹಣ ಮೊದಲೇ ಕೊಟ್ಟಿದ್ದರೆ ಆ ಮಾತು ಬರುವುದಿಲ್ಲ” ಎಂದ. ನಮ್ಮ ಪತ್ನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ತಪ್ಪಿಸಿದರೆ ಅಪಾಯ. ಮಗನ ಮಾತಿನಲ್ಲಿ ಹುರುಳಿತ್ತು.

ಆದರೂ ಕಾಗದ ಹಿಡಿದು ಕುಳಿತೆವು. ಆ ವರ್ಷ ಮೊದಲನೆಯ ಬಗೆಗೆ ರಾತ್ರಿಯೊಂದಕ್ಕೆ ದೊಡ್ಡವರಿಗೆ 57.01 ಡಾಲರ್, 3ರಿಂದ 9 ವರ್ಷದ ಮಕ್ಕಳಿಗೆ 23.83 ಡಾಲರ್. ಹನ್ನೆರಡರ ಮೊಮ್ಮಗ ಸೇರಿ ದೊಡ್ಡವರು ಐವರು, ಏಳರ ಮೊಮ್ಮಗಳು ಒಬ್ಬಳು. ನಾಲ್ಕು ರಾತ್ರಿಗೆ 1,235 ಡಾಲರ್ ದಾಟಿತು. ಎರಡನೆಯ ಬಗೆಗೆ ದೊಡ್ಡವರಿಗೆ 94.28, ಮಕ್ಕಳಿಗೆ 29.69, ಒಟ್ಟು 2,004 ಡಾಲರ್.

ಇನ್ನು ನಾವು ಉಣ್ಣುವುದೇನು? ಸಸ್ಯಾಹಾರದ ಕೌಂಟರ್ ಊಟವೊಂದಕ್ಕೆ 15 ಡಾಲರಿನ ಆಸುಪಾಸು. ಎರಡಕ್ಕೆ 30, ತಿಂಡಿಗೆ 7, ಕೂಡಿದರೆ 37. ಕುಡಿಯುವ ನೀರನ್ನು ಕೌಂಟರುಗಳಲ್ಲಿ ಕೇಳಿದರೆ ಉಚಿತವಾಗಿಯೇ ಕೊಡುತ್ತಾರೆ. ಉಳಿದ 20 ಡಾಲರ್ ಯಾವುದಕ್ಕೆ? ಈ ವ್ಯವಸ್ಥೆಯಲ್ಲಿ ಮಾಂಸದ ದುಬಾರಿ ತಟ್ಟೆಗೂ ತರಕಾರಿಯ ತಟ್ಟೆಗೂ ಒಂದೇ ಲೆಕ್ಕ. ಊಟದೊಡನೆ ಒಂದು ಪಾನೀಯವೂ ಸೇರಿದೆ. 21 ವರ್ಷ ದಾಟಿದವರಿಗೆ ಅದು ಮದ್ಯವೂ ಆಗಬಹುದು. ಅಂದರೆ ಮಾಂಸ ತಿನ್ನುವ, ಮದ್ಯ ಕುಡಿಯುವವರ ದುಬಾರಿ ಊಟಕ್ಕೂ ಹೊಂದುವ ದರವನ್ನು ಎರಡನ್ನೂ ಮುಟ್ಟದ ಮನೆಯವರು ತೆರಬೇಕು. ಮಗ್ಗಿನ ಸಿಹಿ ಪಾನೀಯ ಸಕ್ಕರೆ ಕಾಯಿಲೆಯವರಿಗೆ ಸಲ್ಲದು. ಹಣ ಕೊಟ್ಟಾಗಿದೆ, ಉಣ್ಣಲೇಬೇಕು ಎಂಬ ಒತ್ತಾಯ ಬೇರೆ. ಬಿಡಬಾರದೆಂದು ಉಣ್ಣುವುದು ಸಂಸ್ಕಾರ; ಹಣ ಹೋದೀತೆಂದು ಉಣ್ಣುವುದು ಸಂಸ್ಕಾರವಲ್ಲ.

ಉದ್ಯಾನಗಳೊಳಗೆ ಸ್ವಂತ ಉಪಯೋಗಕ್ಕೆ ಮನೆಯ ತಿಂಡಿ ಒಯ್ಯಲು ಅನುಮತಿಯುಂಟು. ಗಾಜಿನ ಪಾತ್ರೆ ಮತ್ತು ಮದ್ಯ ಕೂಡದು. “ಹಾಗಾದರೆ ರೊಟ್ಟಿ ಪಲ್ಯ ಕಟ್ಟಿಕೊಂಡರಾಯಿತು” ಎಂದು ನಾವು ಸಂತೋಷದಿಂದ ಕಾಗದ ಮಡಿಚಿದೆವು. ಆಗ ಪತ್ನಿ ಮೆಲ್ಲನೆ, “ನಿಮ್ಮ ಲೆಕ್ಕದಲ್ಲಿ ನಸುಕಿನ ನಾಲ್ಕಕ್ಕೆ ಏಳುವವರು ಯಾರೆಂದು ಬರೆದೇ ಇಲ್ಲವಲ್ಲ” ಎಂದಳು. ಒಲೆಯ ಮುಂದೆ ನಿಂತಿದ್ದ ಸೊಸೆ ತಿರುಗಿ ನೋಡಲಿಲ್ಲ. ವಾರದಲ್ಲಿ ಐದು ದಿನ ಕಚೇರಿ, ಏಳು ದಿನ ಅಡುಗೆ ಅವಳದು. ದಾಸೋಹದ ಕುರಿತು ಎಷ್ಟೋ ವೇದಿಕೆಗಳಲ್ಲಿ ಉಪನ್ಯಾಸ ನೀಡಿದ ನಮಗೆ, ಅನ್ನ ಬೇಯಿಸುವ ಕೈಯ ದಣಿವು ಲೆಕ್ಕಕ್ಕೇ ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಕೊನೆಗೆ ಎಲ್ಲರೂ ಕೂಡಿ ತೀರ್ಮಾನಿಸಿದೆವು. ಮುಂಗಡ ಊಟ ಬೇಡ. ಆದರೆ ಊಟದ ಹಣವನ್ನು ಮೊದಲೇ ಪ್ರತ್ಯೇಕಿಸಬೇಕು. ಮಗ ಡಿಸ್ನಿಯ ಗಿಫ್ಟ್ ಕಾರ್ಡಿಗೆ 900 ಡಾಲರ್ ತುಂಬಿಸಿ ಅವ್ವನ ಕೈಗಿತ್ತ. ಅಲ್ಲಿನ ಭೋಜನಶಾಲೆಗಳಲ್ಲಿ ಅದು ಸಲ್ಲುತ್ತದೆ. ಉಳಿದ ಹಣಕ್ಕೆ ಅವಧಿಯ ಭಯವಿಲ್ಲ. ಬೆಳಗಿನ ಉಪಾಹಾರದ ಹೊಣೆ ಗಂಡಸರದು. ಹೊರಡುವ ಹಿಂದಿನ ದಿನ ನಾವೂ ಮಗನೂ ಸೇರಿ ಹಚ್ಚಿದ ಅವಲಕ್ಕಿ ಮಾಡಿ ಡಬ್ಬಿಗೆ ತುಂಬಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಊರಿನಿಂದಲೇ ಬಂದಿದ್ದವು. ಬೆಳಗಿನ ಪೂಜೆಯ ನಂತರ ಬಡಿಸುವ, ತೊಳೆಯುವ ಕೆಲಸವೂ ನಮ್ಮದೇ ಆಯಿತು.

ಹಣ ತನ್ನ ಕೈಯಲ್ಲೇ ಇದ್ದುದರಿಂದ ಪತ್ನಿ ಒಮ್ಮೆಯೂ ಹಸಿವಿಲ್ಲ ಎನ್ನಲಿಲ್ಲ. ಸಮಯಕ್ಕೆ ಸರಿಯಾಗಿ ತಾನೇ ಎಲ್ಲರನ್ನೂ ಊಟಕ್ಕೆ ಎಬ್ಬಿಸುತ್ತಿದ್ದಳು. 2019ರಿಂದ ಅಲ್ಲಿ ಸಂಪೂರ್ಣ ಸಸ್ಯಜನ್ಯ ಆಹಾರಕ್ಕೆ ಪಟ್ಟಿಯಲ್ಲಿ ಹಸಿರೆಲೆಯ ಗುರುತು ಹಾಕುತ್ತಾರೆ. ತತ್ತಿಯ ಶಂಕೆಯಿರುವವರಿಗೆ ಅದು ದೊಡ್ಡ ಅನುಕೂಲ. ಒಂದು ದಿನ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಭೋಜನಶಾಲೆಗೆ ಹೋದೆವು. ಅಲ್ಲಿ ಭಾರತೀಯ ರೀತಿಯ ರೊಟ್ಟಿಗಳನ್ನು ಹಲವು ಚಟ್ನಿಗಳೊಡನೆ ಕೊಡುತ್ತಾರೆ. ಕಿಟಕಿಯಾಚೆ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಬಡಿಸುವವನು ಬಂದು ಸೊಸೆಯನ್ನು ಏನು ಬೇಕೆಂದು ಕೇಳಿದ. ಅವಳು ನಕ್ಕು, “ಮಾವ, ನನ್ನನ್ನು ಹೀಗೆ ಕೇಳಿ ಎಷ್ಟು ದಿನವಾಯಿತು!” ಎಂದಳು. ಪ್ರವಾಸ ಮುಗಿದಾಗ ಕಾರ್ಡಿನಲ್ಲಿ 130 ಡಾಲರ್ ಉಳಿದಿತ್ತು.

ನಮಗೆ ಸಲ್ಲದ್ದು ಎಲ್ಲರಿಗೂ ಸಲ್ಲದೆಂದು ಹೇಳಲಾರೆವು. ಮಿಕ್ಕಿ ಮೌಸ್ ವೇಷಧಾರಿಗಳು ಬಂದು ಮಾತನಾಡಿಸುವ, ದೊಡ್ಡವರಿಗೆ 60 ಡಾಲರ್ ಮೀರುವ ಊಟಗಳನ್ನೇ ಬಯಸುವವರಿಗೆ ಎರಡನೆಯ ಬಗೆ ಲಾಭವಾದೀತು. ಚಿಕ್ಕ ಮಕ್ಕಳು ಹೆಚ್ಚಿರುವ ಮನೆಗೂ ಅಷ್ಟೇ. 2026ರ ಪ್ರವಾಸಗಳಿಗೆ ದೊಡ್ಡವರು ಕೊಂಡರೆ 3ರಿಂದ 9 ವರ್ಷದವರಿಗೆ ಉಚಿತವೆಂಬ ಕೊಡುಗೆಯೂ ಇತ್ತು. ಹೊರಡುವವರು ಆಯಾ ವರ್ಷದ ದರ, ನಿಯಮಗಳನ್ನು ವಿಚಾರಿಸಿಕೊಳ್ಳಲಿ. ಮನೆಯವರು ನಿಜವಾಗಿ ಉಣ್ಣುವುದೆಷ್ಟು ಎಂದು ಮೊದಲು ಬರೆಯಲಿ. ಉಳಿತಾಯದ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಲಿ. ಈ ಎರಡನೆಯ ಸಾಲನ್ನು ನಾವು ಮರೆತಿದ್ದೆವು, ಓದುಗರು ಮರೆಯದಿರಲಿ.